ಹೆಸರು ಹುಟ್ಟಿದ ಬಗೆ: ಕ್ರೈಸ್ತ ಮತದ ಉಗಮದ ಕುರಿತ ಒಂದು ಧ್ವನಿ ಪಾಠಮಾಲೆಯ ವಿಮರ್ಶೆ

ಬೈಬಲಿನ ಹೊಸ ಒಡಂಬಡಿಕೆಯ ಭಾಗವಾದ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ 11ನೆಯ ಅಧ್ಯಾಯದಲ್ಲಿ, 26ನೆಯ ವಚನದ ತುದಿಗೆ, ಓದುತ್ತಾ ಹೋದರೆ ಕಣ್ಣು ತಪ್ಪಿಸಿಕೊಳ್ಳಬಹುದಾದಷ್ಟು ಚಿಕ್ಕ ಮಾತೊಂದಿದೆ. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದದ್ದು ಅಂತಿಯೋಕ್ಯದಲ್ಲಿ ಎಂದು ಹೇಳಿ ಲೇಖಕ ಮುಂದಿನ ಸಂಗತಿಗೆ ಹೋಗಿಬಿಡುತ್ತಾನೆ. ಹೆಸರಿಟ್ಟವರು ಯಾರು, ಪ್ರೀತಿಯಿಂದ ಇಟ್ಟರೋ ಹೀಯಾಳಿಸಲು ಇಟ್ಟರೋ, ಇಡಿಸಿಕೊಂಡವರು ಅದನ್ನು ಒಪ್ಪಿದರೋ ಇಲ್ಲವೋ ಎಂಬ ಯಾವ ಪ್ರಶ್ನೆಗೂ ಅಲ್ಲಿ ಉತ್ತರವಿಲ್ಲ. ಆ ಒಂದು ವಾಕ್ಯ ನನ್ನನ್ನು ಬಹಳ ಕಾಲ ಕಾಡಿತ್ತು. ಕ್ರೈಸ್ತ ಮತದ ಮೊದಲ ಮುನ್ನೂರು ವರ್ಷಗಳನ್ನು ಕುರಿತ ಈ ಧ್ವನಿ ಪಾಠಮಾಲೆಗೆ ಚಂದಾ ಕಟ್ಟಿದ್ದು ಮುಖ್ಯವಾಗಿ ಅದರ ಉತ್ತರಕ್ಕಾಗಿ. ಎಲ್ಲ ಪಾಠಗಳನ್ನೂ ಒಮ್ಮೆ ಪೂರ್ತಿಯಾಗಿ ಕೇಳಿ, ಕೆಲವನ್ನು ಎರಡು ಮೂರು ಬಾರಿ ಕೇಳಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಪಾಠಮಾಲೆಯಲ್ಲಿ 18 ಉಪನ್ಯಾಸಗಳಿವೆ; ಒಂದೊಂದೂ ಹೆಚ್ಚುಕಡಿಮೆ 40 ನಿಮಿಷದ್ದು. ಜೊತೆಗೆ ನಕ್ಷೆಗಳು, ಮೂಲ ಪಠ್ಯಗಳ ಅನುವಾದ ಮತ್ತು ಹಸ್ತಪ್ರತಿಗಳ ಚಿತ್ರಗಳಿರುವ ಒಂದು ಕೈಪಿಡಿಯನ್ನು ಕೊಡುತ್ತಾರೆ. ಚಂದಾದಾರರು ಬರೆದು ಕಳಿಸಿದ ಪ್ರಶ್ನೆಗಳಿಗೆ ಉತ್ತರಿಸುವ ವ್ಯವಸ್ಥೆಯೂ ಇದೆ. ಪಾಠ ಹೇಳುವ ಪ್ರಾಧ್ಯಾಪಕಿ ಗ್ರೀಕ್ ಮತ್ತು ಲ್ಯಾಟಿನ್ ಎರಡನ್ನೂ ಬಲ್ಲವರು. ನಂಬುವವರ ಮನಸ್ಸನ್ನು ನೋಯಿಸದ, ನಂಬದವರಿಗೆ ಉಪದೇಶವೆನಿಸದ ಹದವಾದ ಮಾತು ಅವರದು.

ಅಂತಿಯೋಕ್ಯಕ್ಕೆ ಮೀಸಲಾದ ಐದನೆಯ ಪಾಠವೇ ಈ ಪಾಠಮಾಲೆಯ ತಿರುಳು. ಅದು ಹೆಸರಿನಿಂದ ಶುರುವಾಗುವುದಿಲ್ಲ, ಊರಿನಿಂದ ಶುರುವಾಗುತ್ತದೆ. ಅಲೆಕ್ಸಾಂಡರನ ಸೇನಾನಿಗಳಲ್ಲಿ ಒಬ್ಬನಾಗಿದ್ದ ಸೆಲ್ಯೂಕಸ್ ಕ್ರಿ.ಪೂ. 300ರಲ್ಲಿ ಒರೊಂಟಿಸ್ ನದಿಯ ದಂಡೆಯಲ್ಲಿ ಕಟ್ಟಿಸಿದ ಈ ನಗರ, ಯೇಸುವಿನ ಸಂದೇಶವನ್ನು ಸಾರಿದ ಅಪೊಸ್ತಲ ಪೌಲನ ಕಾಲಕ್ಕೆ ರೋಮ್ ಮತ್ತು ಅಲೆಕ್ಸಾಂಡ್ರಿಯಗಳ ಸಾಲಿನಲ್ಲಿ ನಿಲ್ಲುವಷ್ಟು ದೊಡ್ಡದಾಗಿತ್ತು. ಸಿರಿಯ ಪ್ರಾಂತ್ಯದ ರೋಮನ್ ಅಧಿಪತಿಯ ಕಚೇರಿ ಇದ್ದದ್ದೂ ಇಲ್ಲೇ. ಇಂದು ಟರ್ಕಿಯ ಗಡಿಯೊಳಗೆ ಅಂತಾಕ್ಯ ಎಂಬ ಹೆಸರಿನಲ್ಲಿರುವುದು ಇದೇ ಊರು. ಯೆರೂಸಲೇಮಿನಲ್ಲಿ ಯೇಸುವಿನ ಅನುಯಾಯಿ ಸ್ತೆಫನನನ್ನು ಕಲ್ಲೆಸೆದು ಕೊಂದಾಗ ಚದುರಿಹೋದವರಲ್ಲಿ ಕುಪ್ರ ಮತ್ತು ಕುರೇನ್ಯದ ಕೆಲವರು ಇಲ್ಲಿಗೆ ಬಂದು, ಯೆಹೂದ್ಯರಲ್ಲದ ಗ್ರೀಕರಿಗೂ ಯೇಸುವಿನ ಸುದ್ದಿಯನ್ನು ಹೇಳಿದರು. ಸುದ್ದಿ ಯೆರೂಸಲೇಮಿಗೆ ಮುಟ್ಟಿತು. ಅಲ್ಲಿನವರು ಬಾರ್ನಬನನ್ನು ಕಳಿಸಿದರು. ಬಾರ್ನಬನು ತಾರ್ಸಕ್ಕೆ ಹೋಗಿ ಸೌಲನನ್ನು, ಎಂದರೆ ಮುಂದೆ ಪೌಲನೆಂದು ಹೆಸರಾದವನನ್ನು, ಹುಡುಕಿ ಕರೆತಂದ. ಇಬ್ಬರೂ ಪೂರ್ತಿ ಒಂದು ವರ್ಷ ಅಲ್ಲಿ ಬೋಧಿಸಿದರು. ಹೆಸರಿನ ಸಂಗತಿ ಬರುವುದು ಇದಾದ ಮೇಲೆ.

ಇಷ್ಟನ್ನು ಹೇಳಿ ಪ್ರಾಧ್ಯಾಪಕಿ ಕೇಳುವ ಪ್ರಶ್ನೆ ಸರಳವಾದುದು: ಅದುವರೆಗೆ ಈ ಜನಕ್ಕೆ ಬೇರೆ ಹೆಸರು ಏಕೆ ಬೇಕಾಗಿರಲಿಲ್ಲ? ಯೆರೂಸಲೇಮಿನಲ್ಲಿ ಅವರು ಯೆಹೂದ್ಯರ ನಡುವಿನ ಯೆಹೂದ್ಯರು. ದೇವಾಲಯಕ್ಕೆ ಹೋಗುತ್ತಿದ್ದರು, ಧರ್ಮಶಾಸ್ತ್ರವನ್ನು ಪಾಲಿಸುತ್ತಿದ್ದರು. ತಮ್ಮತಮ್ಮಲ್ಲಿ ಅವರು ಸಹೋದರರು, ಶಿಷ್ಯರು, ದೇವಜನರು. ತಮ್ಮ ಬದುಕಿನ ರೀತಿಗೆ ಅವರು ಕೊಟ್ಟಿದ್ದ ಹೆಸರು 'ಮಾರ್ಗ' ಎಂದಷ್ಟೇ. ಅಂತಿಯೋಕ್ಯದಲ್ಲಿ ಯೆಹೂದ್ಯನೂ ಗ್ರೀಕನೂ ಒಂದೇ ಪಂಕ್ತಿಯಲ್ಲಿ ಕುಳಿತು ಊಟ ಮಾಡತೊಡಗಿದಾಗ, ಹೊರಗಿನವರ ಕಣ್ಣಿಗೆ ಈ ಗುಂಪು ಯಾವ ಲೆಕ್ಕಕ್ಕೂ ಸಿಗದಂತಾಯಿತು. ಆ ಪಂಕ್ತಿಭೋಜನ ಒಳಗಿನವರಿಗೇ ಎಷ್ಟು ಕಷ್ಟದ ವಿಷಯವಾಗಿತ್ತೆಂದರೆ, ಅದೇ ಊರಿನಲ್ಲಿ ಪೌಲನು ಯೇಸುವಿನ ಆಪ್ತ ಶಿಷ್ಯನಾಗಿದ್ದ ಪೇತ್ರನನ್ನು ಮುಖಾಮುಖಿಯಾಗಿ ಎದುರಿಸಿ ಆಕ್ಷೇಪಿಸಿದ ಸಂಗತಿಯನ್ನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನೇ ದಾಖಲಿಸಿದ್ದಾನೆ. ಊಟದ ಪಂಕ್ತಿಗೂ ಹೆಸರಿಗೂ ಇರುವ ಈ ನಂಟನ್ನು ನಾನು ಹಿಂದೆ ಎಂದೂ ಯೋಚಿಸಿರಲಿಲ್ಲ. ಪಾಠಮಾಲೆಗೆ ನಾನು ಮೊದಲು ಋಣಿಯಾದದ್ದು ಇಲ್ಲಿ.

ಮುಂದೆ ಪದವನ್ನೇ ಬಿಡಿಸುತ್ತಾರೆ. ಕ್ರಿಸ್ತ ಎಂಬುದು 'ಎಣ್ಣೆಯಿಂದ ಅಭಿಷೇಕಿಸಲ್ಪಟ್ಟವನು' ಎಂಬರ್ಥದ ಗ್ರೀಕ್ ಮಾತು, ಹೀಬ್ರೂವಿನ ಮೆಸ್ಸೀಯ ಎಂಬುದರ ಅನುವಾದ. ಪ್ರವಾದಿ ಸಮುವೇಲನು ಎಣ್ಣೆ ಹೊಯ್ದು ಅಭಿಷೇಕಿಸಿದ ಸೌಲ ಮತ್ತು ದಾವೀದರಂತಹ ಇಸ್ರಾಯೇಲಿನ ಹಳೆಯ ಅರಸರಿಗೆ ಆ ಮಾತು ಸಲ್ಲುತ್ತಿತ್ತು. ಯೆಶಾಯನ ಗ್ರಂಥದ 45ನೆಯ ಅಧ್ಯಾಯದಲ್ಲಿ ಪರ್ಷಿಯದ ಅರಸ ಕೋರೆಷನಿಗೂ (ಸೈರಸ್) ಅದೇ ಬಿರುದು ಸಂದಿದೆ. ಇಂತಹ ಬಿರುದಿಗೆ 'ಇಯಾನುಸ್' ಎಂಬ ಲ್ಯಾಟಿನ್ ಮೂಲದ ಪ್ರತ್ಯಯವನ್ನು ಅಂಟಿಸಿದರೆ 'ಕ್ರಿಸ್ತಿಯಾನುಸ್' ಆಗುತ್ತದೆ. ರೋಮನ್ ರಾಜಕೀಯದಲ್ಲಿ ಈ ಪ್ರತ್ಯಯಕ್ಕೆ 'ಅವನ ಕಡೆಯವರು' ಎಂಬ ಧ್ವನಿಯಿತ್ತು. ರೋಮನ್ ಸೇನಾನಿ ಪಾಂಪೆಯ ಪಕ್ಷ ಹಿಡಿದವರು ಪಾಂಪೆಯಾನಿಗಳು. ಸುವಾರ್ತೆಗಳಲ್ಲಿ ಬರುವ ಹೆರೋದ್ಯರು ಅರಸ ಹೆರೋದನ ಕಡೆಯವರು. ಹಾಗಾಗಿ ಆ ಹೊತ್ತಿಗೆ 'ಕ್ರೈಸ್ತ' ಎಂಬುದು ಒಂದು ಮತದ ಹೆಸರಾಗಿ ಕೇಳಿಸುವುದಕ್ಕಿಂತ, ಯಾರೋ ಕ್ರಿಸ್ತನೆಂಬ ನಾಯಕನ ಬೆಂಬಲಿಗರ ಗುಂಪಿನ ಹೆಸರಾಗಿ ಕೇಳಿಸಿರಬೇಕು.

ಹೆಸರಿಟ್ಟವರು ಯಾರೆಂಬ ವಾದವನ್ನು ಪ್ರಾಧ್ಯಾಪಕಿ ನ್ಯಾಯವಾಗಿ ಮುಂದಿಡುತ್ತಾರೆ. ಯೇಸುವನ್ನು ಒಪ್ಪದ ಯೆಹೂದ್ಯರು ಇಟ್ಟಿರಲಾರರು. ಏಕೆಂದರೆ ಇವರನ್ನು ಮೆಸ್ಸೀಯನವರೆಂದು ಕರೆದರೆ ಯೇಸುವೇ ಮೆಸ್ಸೀಯನೆಂದು ಅರ್ಧ ಒಪ್ಪಿಕೊಂಡಂತೆ. ಅವರ ಕಡೆಯ ವಕೀಲ ತೆರ್ತುಲ್ಲನು ಪೌಲನ ಮೇಲೆ ದೂರು ಹೇಳುವಾಗ ಬಳಸುವುದು 'ನಜರೇನರ ಪಂಗಡ' (ಯೇಸುವಿನ ಊರಾದ ನಜರೇತಿನವನ ಕಡೆಯವರು) ಎಂಬ ಮಾತನ್ನು. ವಿಶ್ವಾಸಿಗಳೇ ಇಟ್ಟುಕೊಂಡರೇ? ಇತಿಹಾಸಕಾರ ಎಲಿಯಾಸ್ ಬಿಕರ್‌ಮನ್ 1949ರಲ್ಲಿ ಹಾಗೆಂದು ವಾದಿಸಿದರು. ವಚನದಲ್ಲಿರುವ ಗ್ರೀಕ್ ಕ್ರಿಯಾಪದ ಕರ್ತರಿ ರೂಪದಲ್ಲಿರುವುದು, ಎಂದರೆ 'ಕರೆದುಕೊಂಡರು' ಎಂದು ಓದಬಹುದಾಗಿರುವುದು, ಅವರ ಆಧಾರ. ಆದರೆ ಪೌಲನು ರೋಮಾಪುರದವರಿಗೆ ಬರೆದ ಪತ್ರದ 7ನೆಯ ಅಧ್ಯಾಯದಲ್ಲಿ ಅದೇ ಕ್ರಿಯಾಪದವನ್ನು, ಗಂಡನಿರುವಾಗಲೇ ಬೇರೊಬ್ಬನನ್ನು ಸೇರಿದವಳು ವ್ಯಭಿಚಾರಿಣಿ 'ಎನಿಸಿಕೊಳ್ಳುವಳು' ಎಂಬಲ್ಲಿ ಬಳಸಿದ್ದಾನೆ. ತನ್ನನ್ನು ತಾನೇ ಯಾರೂ ಹಾಗೆ ಕರೆದುಕೊಳ್ಳುವುದಿಲ್ಲ. ಹಾಗಾಗಿ ವ್ಯಾಕರಣವೊಂದರಿಂದಲೇ ತೀರ್ಪು ಸಿಗುವುದಿಲ್ಲ. ನನ್ನ ಮಟ್ಟಿಗೆ ನಿರ್ಣಾಯಕವೆನಿಸಿದ್ದು ಅವರು ಕೊನೆಗೆ ಕೊಟ್ಟ ಲೆಕ್ಕ: ಹೊಸ ಒಡಂಬಡಿಕೆಯಲ್ಲೆಲ್ಲ ಈ ಪದ ಬರುವುದು ಮೂರೇ ಬಾರಿ, ಪೌಲನ ಪತ್ರಗಳಲ್ಲಿ ಒಮ್ಮೆಯೂ ಇಲ್ಲ. ಆ ಮೂರರಲ್ಲಿ ಒಂದು ಅಂತಿಯೋಕ್ಯದ ಈ ವಚನ. ಇನ್ನೊಂದು ಕೈಸರೈಯದಲ್ಲಿ ಅರಸ ಅಗ್ರಿಪ್ಪನ ಬಾಯಿಂದ ಬಂದದ್ದು. ಇಷ್ಟು ಬೇಗ ನನ್ನನ್ನೂ ಕ್ರೈಸ್ತನನ್ನಾಗಿ ಮಾಡಬೇಕೆಂದಿದ್ದೀಯಾ ಎಂದು ಅವನು ಪೌಲನನ್ನು ಕೇಳುತ್ತಾನೆ. ಮೂರನೆಯದು ಪೇತ್ರನ ಮೊದಲ ಪತ್ರದಲ್ಲಿ. ಕೊಲೆಗಾರನಾಗಿ, ಕಳ್ಳನಾಗಿ ಶಿಕ್ಷೆ ಅನುಭವಿಸಬೇಡಿ, ಕ್ರೈಸ್ತನಾಗಿ ಅನುಭವಿಸಬೇಕಾಗಿ ಬಂದರೆ ನಾಚಬೇಡಿ ಎಂಬಲ್ಲಿ. ಅರಸನ ಬಾಯಲ್ಲಿ ಒಮ್ಮೆ, ಆರೋಪಗಳ ಪಟ್ಟಿಯಲ್ಲಿ ಒಮ್ಮೆ. ಮನೆಯೊಳಗೆ ಹುಟ್ಟಿದ ಹೆಸರು ಹೀಗೆ ಬೀದಿಯಲ್ಲೇ ಕೇಳಿಸುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಒಂದೇ ಒಂದು ಅಕ್ಷರದ ಸುತ್ತ ಕಟ್ಟಿದ ಏಳನೆಯ ಪಾಠ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಗ್ರೀಕಿನಲ್ಲಿ 'ಕ್ರೇಸ್ತೊಸ್' ಎಂಬ ಬೇರೆ ಪದವಿದೆ. ಒಳ್ಳೆಯವನು, ಉಪಯೋಗಕ್ಕೆ ಬರುವವನು ಎಂದು ಅದರ ಅರ್ಥ. ಗುಲಾಮರಿಗೆ ಸಾಮಾನ್ಯವಾಗಿ ಇಡುತ್ತಿದ್ದ ಹೆಸರೂ ಹೌದು. ಆ ಕಾಲದ ಉಚ್ಚಾರಣೆಯಲ್ಲಿ ಕ್ರೇಸ್ತೊಸ್ ಮತ್ತು ಕ್ರಿಸ್ತೊಸ್ ಎರಡೂ ಹತ್ತಿರ ಹತ್ತಿರ ಒಂದೇ ಆಗಿ ಕೇಳುತ್ತಿದ್ದವು. ಎಣ್ಣೆ ಹೊಯ್ಯಿಸಿಕೊಂಡವನು ಎಂಬ ಹೆಸರು ಗ್ರೀಕರಿಗೆ ಅರ್ಥವಾಗುವಂತಹುದಲ್ಲ. ಒಳ್ಳೆಯವನು ಎಂಬ ಹೆಸರು ಎಲ್ಲರಿಗೂ ಗೊತ್ತಿದ್ದದ್ದು. ಹಾಗಾಗಿ ಜನ ತಮಗೆ ಗೊತ್ತಿದ್ದುದನ್ನೇ ಕೇಳಿಸಿಕೊಂಡರು. ಕ್ಲೌದ್ಯ ಚಕ್ರವರ್ತಿಯು 'ಕ್ರೆಸ್ತುಸ್'ನ ಪ್ರಚೋದನೆಯಿಂದ ಗಲಭೆ ಮಾಡುತ್ತಿದ್ದ ಯೆಹೂದ್ಯರನ್ನು ರೋಮ್‌ನಿಂದ ಹೊರಹಾಕಿದನೆಂದು ರೋಮನ್ ಲೇಖಕ ಸುಯೆಟೋನಿಯಸ್ ಬರೆದಿರುವುದು ಈ ಗೊಂದಲದ ಫಲವಿರಬಹುದೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಅಪೊಸ್ತಲರ ಕೃತ್ಯಗಳಲ್ಲಿ ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿ ಕೊರಿಂಥಕ್ಕೆ ಬಂದು ನೆಲೆಸಿದ್ದು ಕ್ಲೌದ್ಯನ ಇದೇ ಆಜ್ಞೆಯಿಂದಾಗಿ.

ಇದನ್ನು ಬರೀ ಮಾತಿನಲ್ಲಿ ಹೇಳಿದ್ದರೆ ನಾನು ಮರೆತುಬಿಡುತ್ತಿದ್ದೆನೋ ಏನೋ. ಕೈಪಿಡಿಯಲ್ಲಿ ಎರಡು ಚಿತ್ರಗಳನ್ನು ಕೊಟ್ಟಿದ್ದಾರೆ. ಮೊದಲನೆಯದು ಸೀನಾಯ್ ಬೆಟ್ಟದ ಸಂತ ಕ್ಯಾಥರೀನ್ ಮಠದಲ್ಲಿ ದೊರೆತ, ನಾಲ್ಕನೆಯ ಶತಮಾನದ ಗ್ರೀಕ್ ಬೈಬಲ್ ಹಸ್ತಪ್ರತಿಯದು. ಆ ಲಿಪಿಕಾರನು ಹೊಸ ಒಡಂಬಡಿಕೆಯ ಮೂರು ಕಡೆಯೂ ಈ ಪದವನ್ನು 'ಕ್ರೇ' ಎಂದೇ ಬರೆದಿದ್ದ. ಆಮೇಲೆ ಅದನ್ನು 'ಕ್ರಿ' ಎಂದು ತಿದ್ದಲಾಗಿದೆ. ಎರಡನೆಯದು ರೋಮನ್ ಇತಿಹಾಸಕಾರ ಟಾಸಿಟಸ್‌ನ ಬರಹವನ್ನು ಉಳಿಸಿಕೊಟ್ಟಿರುವ, ಈಗ ಫ್ಲಾರೆನ್ಸ್ ನಗರದಲ್ಲಿರುವ 11ನೆಯ ಶತಮಾನದ ಹಸ್ತಪ್ರತಿಯದು. ಕ್ರಿ.ಶ. 64ರಲ್ಲಿ ರೋಮ್ ಹೊತ್ತಿ ಉರಿದಾಗ ಚಕ್ರವರ್ತಿ ನೀರೋ ತನ್ನ ಮೇಲಿನ ಗುಮಾನಿಯನ್ನು ಯಾರ ತಲೆಗೆ ಕಟ್ಟಿದನೆಂದು ಹೇಳುವ ಭಾಗ ಅದು. ಪೊಂತ್ಯ ಪಿಲಾತನ ಕೈಯಲ್ಲಿ ಕ್ರಿಸ್ತನಿಗೆ ಮರಣದಂಡನೆಯಾದ ಸಂಗತಿಯೂ ಅಲ್ಲೇ ಬರುತ್ತದೆ. ಗುಮಾನಿಗೆ ಗುರಿಯಾದ ಕ್ರೈಸ್ತರ ಹೆಸರಿನಲ್ಲಿರುವ ಲ್ಯಾಟಿನ್ 'ಐ' (i) ಅಕ್ಷರದ ಬಲಕ್ಕೆ ಒಂದು ಚಿಕ್ಕ ತೆರಪು ಕಾಣುತ್ತದೆ. ಮೊದಲು ಅಲ್ಲಿ 'ಇ' (e) ಅಕ್ಷರವಿತ್ತು, ಅದನ್ನು ಕೆರೆದು 'ಐ' ಮಾಡಿದಾಗ ಅಗಲವಾದ ಅಕ್ಷರದ ಜಾಗ ಖಾಲಿ ಉಳಿಯಿತು. ಅತಿನೇರಳೆ ಬೆಳಕಿನಲ್ಲಿ ಹಳೆಯ ಅಕ್ಷರ ಇಂದಿಗೂ ತೋರುತ್ತದೆ. ಚಿತ್ರವನ್ನು ದೊಡ್ಡದು ಮಾಡಿಕೊಂಡು ಆ ಕೂದಲೆಳೆಯಷ್ಟು ತೆರಪನ್ನು ನೋಡುತ್ತಾ ನಾನು ಬಹಳ ಹೊತ್ತು ಕುಳಿತಿದ್ದೆ. ಜನರ ಬಾಯಲ್ಲಿ ಎಂದೋ ನಡೆದ ತಪ್ಪು ಉಚ್ಚಾರಣೆಯೊಂದು ಚರ್ಮದ ಹಾಳೆಯ ಮೇಲೆ ಹೀಗೆ ಗಾಯದಂತೆ ಉಳಿದಿದೆ.

ಈ ಗೊಂದಲವನ್ನು ವಿಶ್ವಾಸಿಗಳು ತಮ್ಮ ಪರವಾಗಿ ಬಳಸಿಕೊಂಡ ಸಂಗತಿಯೂ ಪಾಠದಲ್ಲಿದೆ. ಎರಡನೆಯ ಶತಮಾನದ ಕ್ರೈಸ್ತ ಚಿಂತಕ ಜಸ್ಟಿನ್, ನೀವು ನಮ್ಮನ್ನು ದ್ವೇಷಿಸುತ್ತಿರುವುದು ಒಳ್ಳೆಯತನವನ್ನೇ ದ್ವೇಷಿಸಿದಂತೆ ಎಂದು ಎರಡೂ ಪದಗಳನ್ನು ಹೆಣೆದು ವಾದಿಸುತ್ತಾನೆ. ಆಫ್ರಿಕದ ಕ್ರೈಸ್ತ ಲೇಖಕ ತೆರ್ತುಲ್ಲಿಯಾನನು, ನಮ್ಮ ಹೆಸರನ್ನು ಸರಿಯಾಗಿ ಉಚ್ಚರಿಸಲೂ ಬಾರದ ನೀವು ಅದಕ್ಕಾಗಿ ನಮ್ಮನ್ನು ಶಿಕ್ಷಿಸುತ್ತೀರಿ ಎಂದು ಕೇಳುತ್ತಾನೆ.

ಹೆಸರೇ ಅಪರಾಧವಾದ ಬಗೆಯನ್ನು ಒಂಬತ್ತನೆಯ ಪಾಠ ವಿವರಿಸುತ್ತದೆ. ಬಿಥೂನ್ಯ ಮತ್ತು ಪೊಂತ ಪ್ರಾಂತ್ಯದ ಅಧಿಪತಿಯಾಗಿದ್ದ ಪ್ಲಿನಿ, ಸುಮಾರು 112ರಲ್ಲಿ ಚಕ್ರವರ್ತಿ ತ್ರಾಜಾನನಿಗೆ ಬರೆದ ಪತ್ರವನ್ನು ಇಡಿಯಾಗಿ ಓದಿಸುತ್ತಾರೆ. ಬೇರೆ ಯಾವ ತಪ್ಪನ್ನೂ ಮಾಡಿರದಿದ್ದರೂ ಈ ಹೆಸರಿಗಾಗಿಯೇ ಶಿಕ್ಷಿಸಬೇಕೋ, ಅಥವಾ ಹೆಸರಿಗೆ ಅಂಟಿಕೊಂಡ ಅಪರಾಧಗಳಿಗಾಗಿ ಶಿಕ್ಷಿಸಬೇಕೋ ಎಂಬುದು ಅವನ ಮುಖ್ಯ ಸಂದೇಹ. ಅವನ ವಿಚಾರಣೆಯ ಕ್ರಮ ಕೇಳಿದರೆ ಮೈ ನಡುಗುತ್ತದೆ: ನೀನು ಕ್ರೈಸ್ತನೋ ಎಂದು ಕೇಳುವುದು, ಹೌದೆಂದರೆ ಮರಣದಂಡನೆಯ ಬೆದರಿಕೆ ಹಾಕಿ ಎರಡನೆಯ, ಮೂರನೆಯ ಸಲ ಕೇಳುವುದು, ಆಗಲೂ ಹೌದೆಂದರೆ ಎಳೆದೊಯ್ಯಿಸುವುದು. ಅಲ್ಲವೆಂದವರು ದೇವತೆಗಳನ್ನು ಸ್ತುತಿಸಿ, ಚಕ್ರವರ್ತಿಯ ಪ್ರತಿಮೆಗೆ ಧೂಪ ಮತ್ತು ದ್ರಾಕ್ಷಾರಸವನ್ನು ಅರ್ಪಿಸಿ, ಕ್ರಿಸ್ತನನ್ನು ಶಪಿಸಬೇಕು. ಗೊತ್ತಾದ ದಿನದಂದು ನಸುಕಿಗೆ ಮುಂಚೆ ಸೇರಿ ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ, ಕಳ್ಳತನ, ವ್ಯಭಿಚಾರ ಮಾಡುವುದಿಲ್ಲವೆಂದು ಆಣೆ ಮಾಡುತ್ತಾರೆ ಎಂಬುದಕ್ಕಿಂತ ಹೆಚ್ಚಿನದೇನೂ ಅವನಿಗೆ ಸಿಗಲಿಲ್ಲ. ಆ ಗುಂಪಿನಲ್ಲಿ ಸೇವಕಿಯರೆಂಬ ಪದವಿಯಲ್ಲಿದ್ದ ಇಬ್ಬರು ಗುಲಾಮ ಹೆಂಗಸರನ್ನು ಹಿಂಸಿಸಿದರೂ ಬೇರೆ ಸುದ್ದಿ ಹೊರಬರಲಿಲ್ಲ. ಅವರ ಹೆಸರುಗಳನ್ನು ಪ್ಲಿನಿ ಬರೆದಿಡಲಿಲ್ಲ. ಪ್ರಾಧ್ಯಾಪಕಿ ಈ ಮಾತನ್ನು ಹೇಳಿ ಒಂದು ಕ್ಷಣ ಸುಮ್ಮನಾಗುತ್ತಾರೆ. ಆ ಮೌನ ಅಗತ್ಯವಾಗಿತ್ತು.

ಹೊರಗಿನವರು ಅಂಟಿಸಿದ ಹಣೆಪಟ್ಟಿ ಒಳಗಿನವರ ಅಭಿಮಾನವಾದ ಕಥೆ ಮುಂದಿನ ಎರಡು ಪಾಠಗಳಲ್ಲಿದೆ. ಹೆಸರು ಹುಟ್ಟಿದ ಅಂತಿಯೋಕ್ಯದ ಬಿಷಪನೇ ಆಗಿದ್ದ ಇಗ್ನೇಷಿಯಸ್, ಎರಡನೆಯ ಶತಮಾನದ ಆರಂಭದಲ್ಲಿ ಮರಣದಂಡನೆಗಾಗಿ ರೋಮಿಗೆ ಸಾಗಿಸಲ್ಪಡುತ್ತಾ ಬರೆದ ಪತ್ರಗಳಲ್ಲಿ ಈ ಹೆಸರನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. 'ಕ್ರೈಸ್ತಧರ್ಮ' ಎಂಬರ್ಥದ ಪದ ನಮಗೆ ಮೊದಲು ಸಿಗುವುದೂ ಅವನ ಬರಹದಲ್ಲೇ. 203ರಲ್ಲಿ ಕಾರ್ತೇಜಿನ ಸೆರೆಯಲ್ಲಿದ್ದ ಪರ್ಪೆತುವಾ ಎಂಬ ಎಳೆಯ ತಾಯಿ, ತನ್ನನ್ನು ಬಿಡಿಸಿಕೊಳ್ಳಲು ಬಂದ ತಂದೆಗೆ ಅಲ್ಲಿದ್ದ ಹೂಜಿಯನ್ನು ತೋರಿಸಿ, ಇದನ್ನು ಬೇರೆ ಹೆಸರಿನಿಂದ ಕರೆಯಲು ಬರುತ್ತದೆಯೇ ಎಂದು ಕೇಳುತ್ತಾಳೆ. ಬರುವುದಿಲ್ಲ ಎನ್ನುತ್ತಾನೆ ತಂದೆ. ಹಾಗೆಯೇ ನಾನೂ ಕ್ರೈಸ್ತಳಲ್ಲದೆ ಬೇರೇನೆಂದೂ ಹೇಳಿಕೊಳ್ಳಲಾರೆ ಎನ್ನುತ್ತಾಳೆ ಮಗಳು.

ಇಷ್ಟು ಮೆಚ್ಚಿದ ಮೇಲೂ ನನ್ನ ಆಕ್ಷೇಪಗಳನ್ನು ಹೇಳಲೇಬೇಕು. ಮುಖ್ಯವಾದದ್ದು ಮೊದಲ ನಾಲ್ಕು ಪಾಠಗಳ ಬಗ್ಗೆ. ಐದನೆಯ ಪಾಠದಲ್ಲಿ ಅಷ್ಟು ಸೂಕ್ಷ್ಮವಾಗಿ ಬಿಡಿಸುವ ಸಂಗತಿಯನ್ನು ಅದಕ್ಕೆ ಮುಂಚಿನ ಪಾಠಗಳು ಗಾಳಿಗೆ ತೂರಿವೆ. ಯೇಸುವಿನ ಮರಣವಾದ ಕ್ರಿ.ಶ. 30ರ ಆಸುಪಾಸಿನ ಯೆರೂಸಲೇಮಿನ ಜನರನ್ನೂ ಅಲ್ಲಿ ಮಾತು ಮಾತಿಗೆ 'ಕ್ರೈಸ್ತರು' ಎನ್ನಲಾಗಿದೆ. ನಕ್ಷೆಗಳ ಮೇಲೂ ಅದೇ ಪದವಿದೆ. ಇದು ಬರೀ ಶಬ್ದದ ತಕರಾರಲ್ಲ. ಆ ಪದ ಬಳಸಿದ ಕೂಡಲೇ ಕೇಳುಗನ ಮನಸ್ಸಿನಲ್ಲಿ ಯೆಹೂದ್ಯರು ಒಂದು ಕಡೆ, ಕ್ರೈಸ್ತರು ಇನ್ನೊಂದು ಕಡೆ ನಿಂತುಬಿಡುತ್ತಾರೆ. ಯೇಸುವೂ ಪೇತ್ರನೂ ಪೌಲನೂ ಯೆಹೂದ್ಯರಾಗಿಯೇ ಬಾಳಿದರೆಂಬುದು ಮಸುಕಾಗುತ್ತದೆ. ಈ ಎರಡು ಸಮುದಾಯಗಳ ನಡುವಿನ ಹಗೆಯಿಂದ ಮುಂದಿನ ಶತಮಾನಗಳಲ್ಲಿ ಎಷ್ಟು ರಕ್ತ ಹರಿಯಿತೆಂದು ಬಲ್ಲ ಯಾರೂ ಈ ಅಜಾಗರೂಕತೆಯನ್ನು ಸಣ್ಣದೆಂದು ತಳ್ಳಿಹಾಕಲಾರರು. ನಾನು ಇದನ್ನು ಪ್ರಶ್ನೆಯಾಗಿ ಬರೆದು ಕಳಿಸಿದೆ. ಎಂಟು ದಿನಗಳ ನಂತರ ಪ್ರಾಧ್ಯಾಪಕಿಯಿಂದಲೇ ಉತ್ತರ ಬಂತು: ಹೊಸಬರಿಗೆ ಗೊಂದಲವಾಗದಿರಲೆಂದು ಪರಿಚಿತ ಪದವನ್ನೇ ಬಳಸಿದೆವು, ಮುಂದಿನ ಆವೃತ್ತಿಯಲ್ಲಿ 'ಯೇಸುವಿನ ಶಿಷ್ಯರು' ಎಂದು ತಿದ್ದುತ್ತೇವೆ ಎಂದು. ತಪ್ಪನ್ನು ಒಪ್ಪಿದ ಆ ಸೌಜನ್ಯಕ್ಕೆ ನನ್ನ ಗೌರವವಿದೆ.

ಎರಡನೆಯ ಕೊರತೆ ಪೂರ್ವದಿಕ್ಕಿನದು. ಹೊರಗಿನವರು ಇಟ್ಟ ಹೆಸರು ಒಂದೇ ಅಲ್ಲ. ತೆರ್ತುಲ್ಲನ ಬಾಯಲ್ಲಿ ಕೇಳಿದ ನಜರೇನ ಎಂಬ ಹೆಸರು ಹೀಬ್ರೂವಿನಲ್ಲಿ 'ನೊತ್ಸ್ರಿ' ಎಂದು, ಅರಬ್ಬಿಯಲ್ಲಿ 'ನಸಾರಾ' ಎಂದು ಇಂದಿಗೂ ಉಳಿದಿದೆ. ಕೇರಳದ ಪುರಾತನ ಕ್ರೈಸ್ತ ಸಮುದಾಯದವರು ತಮ್ಮನ್ನು ನಸ್ರಾಣಿಗಳೆಂದೇ ಕರೆದುಕೊಳ್ಳುತ್ತಾರೆ. ನಾಲ್ಕನೆಯ ಶತಮಾನದಲ್ಲಿ ಚಕ್ರವರ್ತಿ ಜೂಲಿಯನ್ ಕ್ರೈಸ್ತರೆಂಬ ಹೆಸರನ್ನು ಬೇಕೆಂದೇ ತಪ್ಪಿಸಿ ಅವರನ್ನು ಯೇಸುವಿನ ನಾಡಿನ ಹೆಸರು ಹಿಡಿದು ಗಲಿಲಾಯದವರೆಂದು ಕರೆಯುತ್ತಿದ್ದ. ಹೆಸರನ್ನೇ ಎಳೆಯಾಗಿ ಹಿಡಿದ ಪಾಠಮಾಲೆಯೊಂದು ಇವೆಲ್ಲಕ್ಕೂ ಸೇರಿ ಅರ್ಧ ಪಾಠವನ್ನೂ ಮೀಸಲಿಡದಿರುವುದು ನನಗೆ ಒಪ್ಪಿಗೆಯಾಗಲಿಲ್ಲ. ಸಿರಿಯಾಕ್ ಭಾಷೆಯ ಸಭೆಗಳ ಪ್ರಸ್ತಾಪವಂತೂ ಹಾದುಹೋಗುವ ಮಾತಿನಲ್ಲಿ ಮುಗಿಯುತ್ತದೆ.

ಸೇವೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಧ್ವನಿ ಸ್ಪಷ್ಟವಾಗಿದೆ, ಪಾಠಗಳನ್ನು ಇಳಿಸಿಟ್ಟುಕೊಂಡು ಇಂಟರ್‌ನೆಟ್ ಇಲ್ಲದೆಯೂ ಕೇಳಬಹುದು. ಕೈಪಿಡಿಯ ಚಿತ್ರಗಳು ಮೊಬೈಲಿನಲ್ಲಿ ಏನೇನೂ ಸಾಲದು, ದೊಡ್ಡ ಪರದೆ ಬೇಕೇಬೇಕು. ಲಿಖಿತ ಪಠ್ಯದಲ್ಲಿ ಗ್ರೀಕ್ ಪದಗಳು ಹಲವೆಡೆ ತಪ್ಪಾಗಿ ಅಚ್ಚಾಗಿವೆ. ಒಂದು ಅಕ್ಷರದ ಮೇಲೆ ಇಡೀ ಪಾಠ ನಿಂತಿರುವಲ್ಲಿ ಈ ಅಸಡ್ಡೆ ಸಲ್ಲದು.

ಕೊಳ್ಳುವವರಿಗೆ ನನ್ನ ಸಲಹೆಯೆಂದರೆ, ಐದನೆಯ ಪಾಠದಿಂದ ಆರಂಭಿಸಿ ಹನ್ನೊಂದರವರೆಗೆ ಕೇಳಿ, ಆಮೇಲೆ ಮೊದಲ ನಾಲ್ಕಕ್ಕೆ ಹಿಂತಿರುಗಿರಿ. ಆಗ ಅಲ್ಲಿ 'ಕ್ರೈಸ್ತರು' ಎಂದು ಕೇಳಿದಾಗಲೆಲ್ಲ ನಿಮ್ಮ ಕಿವಿ ತಾನಾಗಿಯೇ ತಿದ್ದಿಕೊಳ್ಳುತ್ತದೆ. ಹದಿನಾಲ್ಕನೆಯ ಪಾಠವನ್ನು ಮಾತ್ರ ತಪ್ಪಿಸಬೇಡಿ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ, 256ರ ಒಂದು ಪಪೈರಸ್ ಚೀಟಿಯನ್ನು ಅಲ್ಲಿ ಓದುತ್ತಾರೆ. ಮೆರ್ಮೆರ್ಥ ಎಂಬ ಹಳ್ಳಿಯ ಮುಖಂಡರಿಗೆ ಬಂದ ಬಂಧನದ ಆಜ್ಞೆ ಅದು: ಹೋರಸ್‌ನ ಮಗ ಪೆತೊಸರಾಪಿಸ್ ಎಂಬವನನ್ನು ಕೂಡಲೇ ಕಳಿಸಿ, ಇಲ್ಲವಾದರೆ ನೀವೇ ಬನ್ನಿ. ಅವನ ಹೆಸರಿನಲ್ಲೂ ತಂದೆಯ ಹೆಸರಿನಲ್ಲೂ ಈಜಿಪ್ಟಿನ ಹಳೆಯ ದೇವತೆಗಳಿದ್ದಾರೆ. ಹೆಸರಿನ ಮುಂದೆ, ಕಸುಬನ್ನು ನಮೂದಿಸುವಂತೆ, ಗುಮಾಸ್ತನು ಒಂದೇ ಪದ ಸೇರಿಸಿದ್ದಾನೆ: 'ಕ್ರೇಸಿಯಾನ'. ಅದರಲ್ಲಿ 'ಕ್ರಿ' ಹೋಗಿ 'ಕ್ರೇ' ಆಗಿದೆ, 'ತ' ಬಿಟ್ಟುಹೋಗಿದೆ. ಆದರೂ ಅದು ಯಾರನ್ನು ಕುರಿತದ್ದೆಂದು ಆ ಹಳ್ಳಿಯವರಿಗೆ ತಿಳಿದಿತ್ತು.